ಕಂತಿನ ವ್ಯವಹಾರವನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳುವುದು ಹೇಗೆ

ಕನ್ನಡದಲ್ಲಿ ‘ಕಂತಿನಲ್ಲಿ ತೆಗೆದುಕೊಂಡೆ’ ಎಂದರೆ ಮಾತು ಮುಗಿಯಿತು. ಹೊಲಿಗೆ ಯಂತ್ರವಾಗಲಿ, ಬೈಕಾಗಲಿ, ನಿವೇಶನವಾಗಲಿ, ಮನೆಬಾಗಿಲಿಗೆ ಬಂದು ಸ್ಟೀಲ್ ಪಾತ್ರೆ ಮಾರುವವನಿಗೆ ವಾರಕ್ಕೆ ನೂರರಂತೆ ಕೊಡುವ ಹಣವಾಗಲಿ, ಎಲ್ಲಕ್ಕೂ ಆ ಒಂದೇ ಪದ ಸಾಲುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ವಸ್ತು ಮೊದಲು ಕೈಗೆ ಬರುತ್ತದೆಯೋ ಅಥವಾ ಹಣ ಪೂರ್ತಿ ಸಂದ ಮೇಲೋ, ಹಣ ತೀರುವ ತನಕ ಅದು ಯಾರ ಸ್ವತ್ತು, ಬಡ್ಡಿ ಎಲ್ಲಿ ಸೇರಿಕೊಂಡಿದೆ ಎಂಬುದನ್ನು ನೋಡಿಕೊಂಡು ಅಲ್ಲಿ ಪದ ಬದಲಾಗುತ್ತದೆ. ಸಾಲದ್ದಕ್ಕೆ ಇಂಡಿಯಾದ ಇಂಗ್ಲಿಷಿಗೂ ಬ್ರಿಟನ್, ಅಮೆರಿಕಗಳ ಇಂಗ್ಲಿಷಿಗೂ ಈ ವಿಷಯದಲ್ಲಿ ಅಂತರ ಬಹಳ. ಪದ ತಪ್ಪಿದರೆ ಬೇರೆ ಕಡೆ ನಗೆಪಾಟಲಾಗಬಹುದು ಅಷ್ಟೆ, ಇಲ್ಲಿ ದುಡ್ಡೂ ಹೋಗಬಹುದು. ಆದ್ದರಿಂದ ಅಂಗಡಿಯ ಕೌಂಟರಿನಿಂದ ಆರಂಭಿಸಿ ಕಡೆಯ ಕಂತಿನವರೆಗೆ ಬೇಕಾಗುವ ಮಾತುಗಳನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ‘ಇನ್’, ‘ಬೈ’, ‘ಆನ್’, ‘ಫಾರ್’

‘ಆರು ಕಂತಿನಲ್ಲಿ ಕೊಡಬಹುದೇ’ ಎಂದು ಕೇಳಬೇಕಾದರೆ ‘ಕ್ಯಾನ್ ಐ ಪೇ ಇನ್ ಸಿಕ್ಸ್ ಇನ್‌ಸ್ಟಾಲ್‌ಮೆಂಟ್ಸ್?’ ಎನ್ನಬೇಕು. ಕನ್ನಡದ ‘ಕಂತಿನಲ್ಲಿ’ ಎಂಬುದರ ‘ಅಲ್ಲಿ’ಗೆ ಇಂಗ್ಲಿಷಿನ ‘ಇನ್’ ಸರಿಯಾಗಿ ಹೊಂದುವುದರಿಂದ ಇಲ್ಲಿ ತಪ್ಪಲು ಕಾರಣವೇ ಇಲ್ಲ; ಆದರೂ ನಮ್ಮಲ್ಲಿ ‘ಆನ್ ಇನ್‌ಸ್ಟಾಲ್‌ಮೆಂಟ್’ ಎಂಬುದೇ ಹೆಚ್ಚಾಗಿ ಕೇಳಿಬರುತ್ತದೆ. ‘ಆನ್’ ಬರಬೇಕಾದರೆ ಅದರ ಮುಂದೆ ‘ಪ್ಲಾನ್’ ಇರಬೇಕು: ‘ಐ ಬಾಟ್ ಇಟ್ ಆನ್ ಆ್ಯನ್ ಇನ್‌ಸ್ಟಾಲ್‌ಮೆಂಟ್ ಪ್ಲಾನ್.’ ‘ಬೈ ಇನ್‌ಸ್ಟಾಲ್‌ಮೆಂಟ್ಸ್’ ಎಂಬುದು ತಪ್ಪಲ್ಲ, ಆದರೆ ಅದಕ್ಕೆ ಕರಾರುಪತ್ರದ ವಾಸನೆಯಿದೆ. ಬರೆಯುವಾಗ ಅಮೆರಿಕದವರು ಎಲ್ ಅಕ್ಷರವನ್ನು ಎರಡು ಸಲ ಹಾಕುತ್ತಾರೆ, ಬ್ರಿಟನ್ನಿನವರು ಒಂದೇ ಸಲ ಹಾಕುತ್ತಾರೆ. ಭಾರತದಲ್ಲಿ ಎರಡೂ ನಡೆಯುತ್ತವೆ. ಒಂದೇ ಪತ್ರದಲ್ಲಿ ಎರಡೂ ಬಗೆಯಾಗಿ ಬರೆಯದಿದ್ದರೆ ಸಾಕು.

ಇದಕ್ಕಿಂತ ಹೆಚ್ಚಾಗಿ ಎಡವುವುದು ‘ಪೇ’ ಕ್ರಿಯಾಪದದ ನಂತರ ಬರುವ ಸಣ್ಣ ಪದಗಳಲ್ಲಿ. ‘ಪೇ’ ಎಂಬುದಕ್ಕೆ ಕರ್ಮವಾಗಿ ನೇರವಾಗಿ ಬರುವುದು ಹಣ, ಬಿಲ್ಲು, ಕಂತು ಅಥವಾ ಹಣ ಪಡೆಯುವ ವ್ಯಕ್ತಿ. ಕೊಂಡ ವಸ್ತುವಿನ ಹಿಂದೆ ‘ಫಾರ್’ ಇರಲೇಬೇಕು. ‘ಐ ಆ್ಯಮ್ ಪೇಯಿಂಗ್ ಫಾರ್ ದ ಫ್ರಿಜ್ ಇನ್ ಟೆನ್ ಇನ್‌ಸ್ಟಾಲ್‌ಮೆಂಟ್ಸ್’ ಎಂಬುದು ಸರಿ. ‘ಪೇಯಿಂಗ್ ದ ಫ್ರಿಜ್’ ಎಂದರೆ ಫ್ರಿಜ್ಜಿಗೇ ಸಂಬಳ ಕೊಟ್ಟಂತೆ. ‘ಪೇ ಆಫ್’ ಎಂದರೆ ಸಾಲವನ್ನು ಪೂರ್ತಿ ತೀರಿಸುವುದು, ‘ಪೇ ಡೌನ್’ ಎಂದರೆ ಸ್ವಲ್ಪ ಸ್ವಲ್ಪವಾಗಿ ಇಳಿಸುವುದು, ‘ಪೇ ಬ್ಯಾಕ್’ ಎಂದರೆ ಕೊಟ್ಟವರಿಗೆ ಹಿಂತಿರುಗಿಸುವುದು, ‘ಪೇ ಅಪ್‌ಫ್ರಂಟ್’ ಎಂದರೆ ಮೊದಲೇ ಕೊಡುವುದು, ‘ಪೇ ಇನ್ ಫುಲ್’ ಎಂದರೆ ಒಂದೇ ಗಂಟಿನಲ್ಲಿ ಕೊಡುವುದು. ಇಷ್ಟನ್ನು ನಾಲಗೆಗೆ ರೂಢಿ ಮಾಡಿಕೊಂಡವರು ಅರ್ಧ ದಾರಿ ಸಾಗಿದಂತೆಯೇ.

‘ಆನ್ ಕ್ರೆಡಿಟ್’ ಎಂಬುದನ್ನು ಕಂತಿಗೆ ಪರ್ಯಾಯವೆಂದು ಭಾವಿಸುವವರಿದ್ದಾರೆ. ಅದು ಕಿರಾಣಿ ಅಂಗಡಿಯ ಉದ್ರಿಯನ್ನೂ ಒಳಗೊಳ್ಳುವ ದೊಡ್ಡ ಪದ. ‘ಇಂದು ನಗದು, ನಾಳೆ ಉದ್ರಿ’ ಎಂದು ಬೋರ್ಡು ಹಾಕಿಕೊಂಡ ಅಂಗಡಿಯವನು ಕಂತಿನ ಮಾತನ್ನೇ ಆಡುತ್ತಿಲ್ಲ. ಬ್ರಿಟನ್ನಿನ ಆಡುಮಾತಿನಲ್ಲಿ ಈ ಉದ್ರಿಗೆ ‘ಆನ್ ಟಿಕ್’ ಎನ್ನುತ್ತಾರೆ. ಕಂತಿನಲ್ಲಿ ಕೊಂಡದ್ದಕ್ಕೆ ‘ಆನ್ ದ ನೆವರ್-ನೆವರ್’ ಎನ್ನುವುದುಂಟು. ತೀರುವುದೇ ಇಲ್ಲವೇನೋ ಎಂಬ ನಿಟ್ಟುಸಿರು ಆ ಮಾತಿನಲ್ಲೇ ಇದೆ. ಈಗಿನ ಹುಡುಗರ ಬಾಯಲ್ಲಿ ಅದು ಅಪರೂಪ, ಹಳಬರು ಆಡಿದರೆ ಅರ್ಥವಾದರೆ ಸಾಕು, ನಾವು ಆಡಬೇಕಾಗಿಲ್ಲ.

ಇಎಂಐ, ಟೆನ್ಯೂರ್, ಫೋರ್‌ಕ್ಲೋಷರ್: ಗಡಿ ದಾಟಿದರೆ ನಡೆಯದ ನಾಣ್ಯಗಳು

‘ಈಕ್ವೇಟೆಡ್ ಮಂತ್ಲಿ ಇನ್‌ಸ್ಟಾಲ್‌ಮೆಂಟ್’ ಎಂಬುದರ ಹ್ರಸ್ವರೂಪವಾದ ‘ಇಎಂಐ’ ನಮ್ಮಲ್ಲಿ ಈಗ ಕನ್ನಡ ಪದವೇ ಆಗಿಹೋಗಿದೆ. ಅಸಲು, ಬಡ್ಡಿ ಎರಡನ್ನೂ ಸೇರಿಸಿ ಪ್ರತಿ ತಿಂಗಳೂ ಸಮನಾದ ಮೊತ್ತ ಬರುವಂತೆ ಲೆಕ್ಕ ಹಾಕಿದ ಕಂತು ಎಂಬುದು ಅದರ ಅರ್ಥ. ಆದ್ದರಿಂದ ಪಾತ್ರೆಯವನಿಗೆ ಕೊಡುವ ವಾರದ ನೂರು ರೂಪಾಯಿ ಕಂತು ಹೌದು, ಇಎಂಐ ಅಲ್ಲ. ಅಮೆರಿಕದ ಕಾರಿನ ಶೋರೂಮಿಗೆ ಹೋಗಿ ‘ವಾಟ್ ಈಸ್ ದ ಇಎಂಐ?’ ಎಂದು ಕೇಳಿದರೆ ಎದುರಿನವರು ಕಣ್ಣು ಕಣ್ಣು ಬಿಡುವ ಸಂಭವವೇ ಹೆಚ್ಚು. ಅಲ್ಲಿ ‘ಮಂತ್ಲಿ ಪೇಮೆಂಟ್’ ಎನ್ನಬೇಕು. ನಾವು ಸಾಲದ ಅವಧಿಗೆ ಹೇಳುವ ‘ಟೆನ್ಯೂರ್’ ಎಂಬುದು ಅಲ್ಲಿಯವರಿಗೆ ಪ್ರಾಧ್ಯಾಪಕರ ಕಾಯಂ ಹುದ್ದೆಯನ್ನು ನೆನಪಿಗೆ ತರುತ್ತದೆ; ಸಾಲದ ಅವಧಿಗೆ ಅವರು ‘ಟರ್ಮ್’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಮನೆಗೋ ಕಾರಿಗೋ ಮೊದಲು ಕೊಡುವ ದೊಡ್ಡ ಮೊತ್ತ ‘ಡೆಪಾಸಿಟ್’, ಅಮೆರಿಕದಲ್ಲಿ ‘ಡೌನ್ ಪೇಮೆಂಟ್’. ನಮ್ಮ ‘ಅಡ್ವಾನ್ಸ್’ ಎಂಬುದು ಎರಡೂ ಕಡೆ ಬೇರೆ ಅರ್ಥಕ್ಕೆ ಹೋಗುವುದರಿಂದ ಅದನ್ನು ಊರಿನಲ್ಲೇ ಬಿಟ್ಟುಹೋಗುವುದು ಲೇಸು.

ಈ ಪದಗಳಲ್ಲೆಲ್ಲ ಅಪಾಯಕಾರಿಯಾದುದು ‘ಫೋರ್‌ಕ್ಲೋಷರ್’. ಅವಧಿಗೆ ಮುಂಚೆಯೇ ಸಾಲ ತೀರಿಸುವುದಕ್ಕೆ ನಮ್ಮ ಬ್ಯಾಂಕುಗಳು ‘ಫೋರ್‌ಕ್ಲೋಷರ್’ ಎಂದೂ, ಅದಕ್ಕೆ ಕೇಳುವ ಶುಲ್ಕಕ್ಕೆ ‘ಫೋರ್‌ಕ್ಲೋಷರ್ ಚಾರ್ಜಸ್’ ಎಂದೂ ಬರೆಯುತ್ತವೆ. ಅಮೆರಿಕದಲ್ಲಿ ಅದೇ ಪದಕ್ಕೆ ಸಾಲ ತೀರಿಸಲಾಗದವನ ಮನೆಯನ್ನು ಸಾಲ ಕೊಟ್ಟವರು ವಶಪಡಿಸಿಕೊಳ್ಳುವುದು ಎಂಬ ಅರ್ಥ. ನನ್ನ ಚಿಕ್ಕಪ್ಪನ ಮಗ ಅಲ್ಲಿಗೆ ಹೋಗಿ ಮನೆ ಕೊಂಡ ಕೆಲವು ವರ್ಷಗಳ ನಂತರ, ಕೈಯಲ್ಲಿ ಒಳ್ಳೆಯ ಮೊತ್ತ ಸೇರಿದ ಉತ್ಸಾಹದಲ್ಲಿ, ಸಾಲ ಕೊಟ್ಟವರಿಗೆ ಫೋನು ಮಾಡಿ ‘ಐ ವಾಂಟ್ ಟು ಫೋರ್‌ಕ್ಲೋಸ್ ಮೈ ಲೋನ್’ ಎಂದನಂತೆ. ಆ ಕಡೆಯ ಹೆಂಗಸು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ತುಂಬ ಮೆಲ್ಲಗೆ, ಕೆಲಸ ಹೋಯಿತೇ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿ, ಕಷ್ಟದಲ್ಲಿರುವ ಗ್ರಾಹಕರನ್ನು ನೋಡಿಕೊಳ್ಳುವ ವಿಭಾಗಕ್ಕೆ ಕರೆಯನ್ನು ವರ್ಗಾಯಿಸಿದಳು. ‘ಅಣ್ಣಾ, ನಾನು ದುಡ್ಡು ಕೊಡ್ತೀನಿ ಅಂತ ಹೇಳೋಕೆ ಇಪ್ಪತ್ತು ನಿಮಿಷ ಹಿಡೀತು’ ಎಂದು ಅವನು ಈಗಲೂ ನಗುತ್ತಾನೆ. ಅಲ್ಲಿ ಹೇಳಬೇಕಾದದ್ದು ಇಷ್ಟೇ: ‘ಐ ವುಡ್ ಲೈಕ್ ಟು ಪೇ ಆಫ್ ಮೈ ಲೋನ್ ಅರ್ಲಿ. ವಾಟ್ ಈಸ್ ದ ಪೇಆಫ್ ಅಮೌಂಟ್?’ ಬ್ರಿಟನ್ನಿನಲ್ಲಾದರೆ ಆ ಮೊತ್ತಕ್ಕೆ ‘ಸೆಟಲ್‌ಮೆಂಟ್ ಫಿಗರ್’ ಎನ್ನುತ್ತಾರೆ. ಆ ಪದವನ್ನು ಭಾರತಕ್ಕೆ ತಂದರೆ ಮತ್ತೆ ತಾಪತ್ರಯ: ನಮ್ಮಲ್ಲಿ ಸಾಲ ‘ಸೆಟಲ್ಡ್’ ಎಂದರೆ ಪೂರ್ತಿ ಕೊಡಲಾಗದೆ ಕಡಿಮೆಗೆ ಒಪ್ಪಂದ ಮಾಡಿಕೊಂಡದ್ದು, ಕ್ರೆಡಿಟ್ ವರದಿಯಲ್ಲಿ ಅದು ಕಪ್ಪು ಚುಕ್ಕೆ. ಪೂರ್ತಿ ತೀರಿಸಿದ ಸಾಲದ ಮುಂದೆ ‘ಕ್ಲೋಸ್ಡ್’ ಎಂದಿರಬೇಕು.

ವಸ್ತು ಎಲ್ಲಿದೆ, ಯಾರದ್ದು?

ಚಿನ್ನದಂಗಡಿಯ ಹನ್ನೊಂದು ತಿಂಗಳ ಸ್ಕೀಮು ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ತಿಂಗಳು ತಿಂಗಳು ಕಟ್ಟುತ್ತಾ ಹೋಗಬೇಕು, ಒಡವೆ ಸಿಗುವುದು ಕೊನೆಯಲ್ಲಿ. ಅಮೆರಿಕದ ‘ಲೇಅವೇ’ ಇದಕ್ಕೆ ಹತ್ತಿರದ ನೆಂಟ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಅದರ ಹೆಸರು ‘ಲೇ-ಬೈ’. ಒಂದು ವ್ಯತ್ಯಾಸವಿದೆ: ಅಲ್ಲಿ ಇಂಥದೇ ವಸ್ತು ಎಂದು ಮೊದಲೇ ಆರಿಸಿಟ್ಟಿರುತ್ತಾರೆ, ಅಂಗಡಿಯವನು ಅದನ್ನು ಒಳಗೆ ಎತ್ತಿಟ್ಟಿರುತ್ತಾನೆ, ಹಣ ಪೂರ್ತಿಯಾದ ಮೇಲೆ ಕೊಡುತ್ತಾನೆ. ವಾಲ್‌ಮಾರ್ಟ್ ಈ ಪದ್ಧತಿಯನ್ನು 2006ರಲ್ಲಿ ನಿಲ್ಲಿಸಿ, 2011ರಲ್ಲಿ ಮತ್ತೆ ತಂದು, 2021ರಲ್ಲಿ ಮರಳಿ ಕೈಬಿಟ್ಟಿತು. ‘ಕುಡ್ ಯು ಪುಟ್ ದಿಸ್ ಆನ್ ಲೇಅವೇ ಫಾರ್ ಮಿ?’ ಎಂದು ಕೇಳುವುದು ರೂಢಿ. ಇದರಲ್ಲಿ ಸಾಲವೇ ಇಲ್ಲ, ಏಕೆಂದರೆ ವಸ್ತು ಇನ್ನೂ ನಿಮ್ಮ ಕೈಗೆ ಬಂದಿಲ್ಲ.

‘ಹೈರ್ ಪರ್ಚೇಸ್’ ಇದಕ್ಕೆ ವಿರುದ್ಧ. ಹೆಸರೇ ಹೇಳುವಂತೆ ಬಾಡಿಗೆಯೂ ಹೌದು, ಖರೀದಿಯೂ ಹೌದು. ವಸ್ತು ಮೊದಲ ದಿನವೇ ಮನೆಗೆ ಬರುತ್ತದೆ, ಆದರೆ ಕಡೆಯ ಕಂತು ಕಟ್ಟುವ ತನಕ ಕಾನೂನಿನ ಪ್ರಕಾರ ಅದು ಹಣ ಹೂಡಿದವರ ಸ್ವತ್ತು. ಬ್ರಿಟನ್ನಿನಲ್ಲಿ ಇದನ್ನು ‘ಎಚ್‌ಪಿ’ ಎಂದು ಕರೆದು, ‘ಐ ಗಾಟ್ ದ ಕಾರ್ ಆನ್ ಎಚ್‌ಪಿ’ ಎನ್ನುತ್ತಾರೆ. ಅಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯ ಪ್ರಕಾರ ಒಟ್ಟು ಮೊತ್ತದ ಮೂರನೆಯ ಒಂದು ಭಾಗ ಕಟ್ಟಿದ ಮೇಲೆ ನ್ಯಾಯಾಲಯದ ಆದೇಶವಿಲ್ಲದೆ ವಾಹನವನ್ನು ಎಳೆದೊಯ್ಯುವಂತಿಲ್ಲ. ಹಾಗೆ ಎಳೆದೊಯ್ಯುವುದಕ್ಕೆ ‘ರಿಪೊಸೆಸ್’ ಎಂಬ ಪದವಿದೆ, ನಮ್ಮಲ್ಲಿ ‘ಸೀಜ್ ಮಾಡಿಕೊಂಡು ಹೋದರು’ ಎನ್ನುವುದು ಇದನ್ನೇ. ಮಲೇಷ್ಯಾದಲ್ಲೂ ಕಾರಿನ ಸಾಲಗಳು ಬಹುಪಾಲು 1967ರ ಹೈರ್ ಪರ್ಚೇಸ್ ಕಾಯ್ದೆಯ ಅಡಿಯಲ್ಲೇ ಬರುತ್ತವೆ. ನಮ್ಮ ಬೈಕಿನ ಆರ್‌ಸಿಯಲ್ಲಿ ಕಾಣುವ ‘ಹೈಪೋಥಿಕೇಶನ್’ ಬೇರೆ ಸಂಗತಿ: ಅಲ್ಲಿ ಒಡೆಯರು ನೀವೇ, ಬೈಕನ್ನು ಮಾತ್ರ ಸಾಲಕ್ಕೆ ಆಧಾರವಾಗಿ ಬರೆಸಿಕೊಂಡಿರುತ್ತಾರೆ.

ಕಂತಿನ ಮಾರಾಟದ ಇತಿಹಾಸ ಹೇಳುವವರು ಸಾಮಾನ್ಯವಾಗಿ ಸಿಂಗರ್ ಹೊಲಿಗೆ ಯಂತ್ರದಿಂದ ಆರಂಭಿಸುತ್ತಾರೆ. 1856ರಲ್ಲಿ ಆ ಕಂಪನಿಯ ಪಾಲುದಾರ ಎಡ್ವರ್ಡ್ ಕ್ಲಾರ್ಕ್, ಯಂತ್ರದ ಬೆಲೆ ಸಾಮಾನ್ಯ ಸಂಸಾರಗಳಿಗೆ ಎಟುಕದ್ದನ್ನು ಕಂಡು, ಸ್ವಲ್ಪ ಹಣ ಪಡೆದು ಯಂತ್ರವನ್ನು ಮನೆಗೆ ಕೊಟ್ಟು ಉಳಿದದ್ದನ್ನು ತಿಂಗಳು ತಿಂಗಳು ವಸೂಲು ಮಾಡುವ ಏರ್ಪಾಟು ತಂದ. ಆ ಮೊದಲ ಮೊತ್ತವನ್ನು ಕೊಡುವುದಕ್ಕೆ ಅಮೆರಿಕದವರು ‘ಪುಟ್ ಮನಿ ಡೌನ್’ ಎನ್ನುತ್ತಾರೆ. ‘ಹೌ ಮಚ್ ಡು ಐ ಹ್ಯಾವ್ ಟು ಪುಟ್ ಡೌನ್?’ ಎಂದರೆ ‘ಮೊದಲು ಎಷ್ಟು ಕಟ್ಟಬೇಕು’ ಎಂದರ್ಥ. ‘ಝೀರೋ ಡೌನ್’ ಎಂದರೆ ಮೊದಲು ಏನೂ ಕಟ್ಟಬೇಕಾಗಿಲ್ಲ ಎಂದಷ್ಟೇ. ಬಡ್ಡಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಈಚಿನ ‘ಬೈ ನೌ, ಪೇ ಲೇಟರ್’ ಎಂಬುದು ಫೋನಿನಲ್ಲೇ ಮುಗಿಯುವ ಸಣ್ಣ ಕಂತು. ಸ್ವೀಡನ್ನಿನ ಕ್ಲಾರ್ನಾ, ಆಸ್ಟ್ರೇಲಿಯಾದ ಆಫ್ಟರ್‌ಪೇ, ದುಬೈಯಲ್ಲಿ ಹುಟ್ಟಿದ ಟ್ಯಾಬಿ ಎಲ್ಲವೂ ಸಾಮಾನ್ಯವಾಗಿ ಬೆಲೆಯನ್ನು ನಾಲ್ಕು ಪಾಲು ಮಾಡುತ್ತವೆ; ‘ಪೇ ಇನ್ ಫೋರ್’, ‘ಸ್ಪ್ಲಿಟ್ ಇನ್ ಫೋರ್’ ಎಂಬ ಗುಂಡಿಗಳು ಗಲ್ಫಿನಲ್ಲಿರುವ ನಮ್ಮ ಕರಾವಳಿಯವರಿಗೆ ಹೊಸದಲ್ಲ. ಆಸ್ಟ್ರೇಲಿಯಾದಲ್ಲಿ ‘ಫೋರ್ಟ್‌ನೈಟ್ಲಿ’ ಎಂದರೆ ಹದಿನಾಲ್ಕು ದಿನಕ್ಕೊಮ್ಮೆ ಎಂದರ್ಥ, ತಿಂಗಳಿಗೆರಡು ಸಲ ಎಂದಲ್ಲ. ವರ್ಷಕ್ಕೆ ಇಪ್ಪತ್ತನಾಲ್ಕರ ಬದಲು ಇಪ್ಪತ್ತಾರು ಕಂತು ಬೀಳುವುದು ಆ ವ್ಯತ್ಯಾಸದಿಂದಲೇ.

ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಅಂಗಡಿಯ ಹುಡುಗ ‘ಸರ್, ಬರೀ ಟ್ವೆಲ್ವ್ ಪರ್ಸೆಂಟ್’ ಎಂದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: ‘ಈಸ್ ದಟ್ ಎ ಫ್ಲಾಟ್ ರೇಟ್ ಆರ್ ಎ ರಿಡ್ಯೂಸಿಂಗ್ ಬ್ಯಾಲೆನ್ಸ್ ರೇಟ್?’ 60,000 ರೂಪಾಯಿಯನ್ನು ಹನ್ನೆರಡು ತಿಂಗಳಿಗೆ ಫ್ಲಾಟ್ 12ರಂತೆ ಪಡೆದರೆ ಬಡ್ಡಿ 7,200, ತಿಂಗಳ ಕಂತು 5,600. ಅದೇ ಶೇಕಡಾ 12ನ್ನು ಉಳಿದ ಅಸಲಿನ ಮೇಲೆ ಮಾತ್ರ ಲೆಕ್ಕ ಹಾಕಿದರೆ ಕಂತು ಸುಮಾರು 5,331, ಒಟ್ಟು ಬಡ್ಡಿ 4,000ಕ್ಕೂ ಸ್ವಲ್ಪ ಕಡಿಮೆ. ಫ್ಲಾಟ್ ಎಂಬುದರಲ್ಲಿ, ನೀವು ತಿಂಗಳು ತಿಂಗಳು ತೀರಿಸುತ್ತ ಬಂದ ಅಸಲಿಗೂ ವರ್ಷವಿಡೀ ಬಡ್ಡಿ ಬೀಳುತ್ತಲೇ ಇರುತ್ತದೆ. ಹಾಗಾಗಿ ಆ 12 ನಿಜದಲ್ಲಿ 21ನ್ನು ದಾಟಿರುತ್ತದೆ. ಕಂಪನಿಯವರು ಎರಡನ್ನೂ ‘ಟ್ವೆಲ್ವ್ ಪರ್ಸೆಂಟ್’ ಎಂದೇ ಕರೆಯುವುದರಿಂದ, ಪದ ಗೊತ್ತಿಲ್ಲದವರು ಇಲ್ಲೇ ಸೋಲುತ್ತಾರೆ. ಇಂಗ್ಲಿಷಿನಲ್ಲಿ ಎಲ್ಲ ವೆಚ್ಚವನ್ನೂ ಸೇರಿಸಿ ವರ್ಷದ ಲೆಕ್ಕದಲ್ಲಿ ಹೇಳುವ ದರಕ್ಕೆ ‘ಎಪಿಆರ್’ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆಯನ್ನು ಕೊಡಲೇಬೇಕು, ಅದರಲ್ಲಿ ಎಪಿಆರ್ ನಮೂದಾಗಿರಬೇಕು. ‘ಮೇ ಐ ಸೀ ದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಬಿಫೋರ್ ಐ ಸೈನ್?’ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ.

‘ನೋ ಕಾಸ್ಟ್ ಇಎಂಐ’ ಎಂಬುದನ್ನು ‘ಖರ್ಚಿಲ್ಲದ ಕಂತು’ ಎಂದು ಅರ್ಥ ಮಾಡಿಕೊಳ್ಳಬಾರದು. ಕ್ರೆಡಿಟ್ ಕಾರ್ಡಿನ ಮೇಲೆ 30,000 ರೂಪಾಯಿಯ ಫೋನನ್ನು ಆರು ಕಂತಿಗೆ ಕೊಂಡಿರಿ, ಬ್ಯಾಂಕಿನ ದರ ಶೇಕಡಾ 16 ಎಂದಿಟ್ಟುಕೊಳ್ಳಿ. ಕಂತು 5,000 ಎಂದು ತೋರಿಸುತ್ತಾರೆ, ಆರು ಸಲ ಕಟ್ಟಿದರೆ 30,000 ಸರಿಹೋಗುತ್ತದೆ. ಆದರೆ ಬಿಲ್ಲನ್ನು ಬಿಡಿಸಿ ನೋಡಿದರೆ, ಮಾರುವವರು ಸುಮಾರು 1,350 ರೂಪಾಯಿ ರಿಯಾಯಿತಿ ಕೊಟ್ಟು, ಬ್ಯಾಂಕು ಅದೇ 1,350ನ್ನು ಬಡ್ಡಿಯಾಗಿ ಪಡೆದಿರುತ್ತದೆ. ಆ ಬಡ್ಡಿಯ ಮೇಲಿನ ಶೇಕಡಾ 18 ಜಿಎಸ್‌ಟಿ, ಅಂದರೆ ಸುಮಾರು 243 ರೂಪಾಯಿ, ನಿಮ್ಮದೇ. ‘ಪ್ರೊಸೆಸಿಂಗ್ ಫೀ’ 199 ಇದ್ದರೆ ತೆರಿಗೆ ಸೇರಿ ಇನ್ನೊಂದು 235. ಒಟ್ಟು 478 ರೂಪಾಯಿ ಹೋಯಿತು. ದೊಡ್ಡ ಮೊತ್ತವಲ್ಲ, ಆದರೂ ‘ನೋ ಕಾಸ್ಟ್’ ಅಂತೂ ಅಲ್ಲ. ಕಾರ್ಡುಗಳ ಶೂನ್ಯ ಬಡ್ಡಿಯ ಯೋಜನೆಗಳಲ್ಲಿ ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಮರೆಮಾಚುತ್ತಾರೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಆಕ್ಷೇಪಿಸಿತ್ತು. ಆದ್ದರಿಂದ ‘ಇಫ್ ಐ ಪೇ ಇನ್ ಫುಲ್ ಟುಡೇ, ಈಸ್ ದೇರ್ ಎ ಡಿಸ್ಕೌಂಟ್?’ ಎಂದು ಮೊದಲು ಕೇಳಿ, ಆಮೇಲೆ ‘ವಾಟ್ ಈಸ್ ದ ಟೋಟಲ್ ಅಮೌಂಟ್ ಐ ವಿಲ್ ಹ್ಯಾವ್ ಪೇಡ್ ಬೈ ದ ಎಂಡ್?’ ಎಂದು ಕೇಳಿ, ಎರಡು ಉತ್ತರಗಳನ್ನೂ ಒಂದೇ ಚೀಟಿಯ ಮೇಲೆ ಅಕ್ಕಪಕ್ಕ ಬರೆದುಕೊಳ್ಳುವುದು ನನ್ನ ಪದ್ಧತಿ.

ಅಮೆರಿಕದ ಅಂಗಡಿಗಳಲ್ಲಿ ‘ನೋ ಇಂಟರೆಸ್ಟ್ ಇಫ್ ಪೇಡ್ ಇನ್ ಫುಲ್ ವಿದಿನ್ ಟ್ವೆಲ್ವ್ ಮಂತ್ಸ್’ ಎಂಬ ಫಲಕ ಕಂಡರೆ ಆ ‘ಇಫ್’ ಮೇಲೆ ಬೆರಳಿಟ್ಟು ಓದಬೇಕು. ಇದಕ್ಕೆ ‘ಡೆಫರ್ಡ್ ಇಂಟರೆಸ್ಟ್’ ಎಂದು ಹೆಸರು. ಗಡುವಿನೊಳಗೆ ಹತ್ತು ಡಾಲರ್ ಉಳಿದರೂ ಕೊಂಡ ದಿನದಿಂದ ಹಿಡಿದು ಎಲ್ಲ ಬಡ್ಡಿಯೂ ತಲೆಯ ಮೇಲೆ ಬೀಳುತ್ತದೆ. ಹಾಗೆಯೇ ಕ್ರೆಡಿಟ್ ಕಾರ್ಡಿನ ‘ಮಿನಿಮಮ್ ಅಮೌಂಟ್ ಡ್ಯೂ’ ಎಂಬುದನ್ನು ಈ ತಿಂಗಳ ಕಂತು ಎಂದು ತಿಳಿದು ಅಷ್ಟನ್ನೇ ಕಟ್ಟುತ್ತಾ ಹೋಗುವವರನ್ನು ನಾನು ಕಂಡಿದ್ದೇನೆ. ಅದು ಕಂತಲ್ಲ, ದಂಡ ತಪ್ಪಿಸಿಕೊಳ್ಳಲು ಕೊಡುವ ಕನಿಷ್ಠ ಹಣ. ಉಳಿದದ್ದರ ಮೇಲೆ ಬಡ್ಡಿ ಓಡುತ್ತಲೇ ಇರುತ್ತದೆ.

‘ಮೂರು ಕಂತು ಬಾಕಿ ಇದೆ’

ಈ ಒಂದು ಕನ್ನಡ ವಾಕ್ಯಕ್ಕೆ ಎರಡು ಅರ್ಥವಿದೆ. ಇನ್ನು ಮೂರು ತಿಂಗಳು ಕಟ್ಟಿದರೆ ಸಾಲ ಮುಗಿಯುತ್ತದೆ ಎಂದೂ ಆಗಬಹುದು, ಕಟ್ಟಬೇಕಾಗಿದ್ದ ಮೂರು ಕಂತು ತಪ್ಪಿವೆ ಎಂದೂ ಆಗಬಹುದು. ಮನೆಯೊಳಗೆ ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ‘ತ್ರೀ ಇನ್‌ಸ್ಟಾಲ್‌ಮೆಂಟ್ಸ್ ಆರ್ ಪೆಂಡಿಂಗ್’ ಎಂದು ಇಂಗ್ಲಿಷಿಗೆ ಇಳಿಸಿದರೆ ಗೊಂದಲವೂ ಜೊತೆಯಲ್ಲೇ ಇಳಿಯುತ್ತದೆ, ಬ್ಯಾಂಕಿಗೆ ಬರೆಯುವ ಪತ್ರದಲ್ಲಂತೂ ಅದು ಕೂಡದು. ಮೊದಲ ಅರ್ಥಕ್ಕೆ ‘ಐ ಹ್ಯಾವ್ ತ್ರೀ ಪೇಮೆಂಟ್ಸ್ ಲೆಫ್ಟ್’ ಎಂದೂ ಎರಡನೆಯದಕ್ಕೆ ‘ಐ ಆ್ಯಮ್ ತ್ರೀ ಪೇಮೆಂಟ್ಸ್ ಬಿಹೈಂಡ್’ ಎಂದೂ ಬರೆದರೆ ಅನುಮಾನಕ್ಕೆ ಎಡೆಯಿಲ್ಲ. ‘ಡ್ಯೂ’ ಎಂದರೆ ಕಟ್ಟುವ ದಿನ ಬಂದಿದೆ, ‘ಓವರ್‌ಡ್ಯೂ’ ಎಂದರೆ ದಿನ ದಾಟಿದೆ. ಅಮೆರಿಕದವರು ದಾಟಿದ್ದಕ್ಕೆ ‘ಪಾಸ್ಟ್ ಡ್ಯೂ’ ಎಂದರೆ ಬ್ರಿಟನ್ನಿನವರು ‘ಇನ್ ಅರಿಯರ್ಸ್’ ಎನ್ನುತ್ತಾರೆ. ‘ಔಟ್‌ಸ್ಟ್ಯಾಂಡಿಂಗ್ ಬ್ಯಾಲೆನ್ಸ್’ ಎಂದರೆ ತಪ್ಪಿದ್ದಲ್ಲ, ತೀರದೆ ಉಳಿದದ್ದು ಅಷ್ಟೇ. ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ಬಿ ಅಕ್ಷರವನ್ನೂ, ‘ರಿಸೀಟ್’ ಪದದಲ್ಲಿ ಪಿ ಅಕ್ಷರವನ್ನೂ ಉಚ್ಚರಿಸುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಸಂಬಳ ತಡವಾಗಿ ಕಂತು ಕಟ್ಟಲಾಗದ ತಿಂಗಳಿನಲ್ಲಿ ಮೊದಲೇ ಹೇಳುವುದು ಒಳ್ಳೆಯದು. ‘ಐ ವಿಲ್ ನಾಟ್ ಬಿ ಏಬಲ್ ಟು ಮೇಕ್ ದಿಸ್ ಮಂತ್ಸ್ ಪೇಮೆಂಟ್ ಆನ್ ಟೈಮ್. ಕುಡ್ ಯು ಮೂವ್ ಮೈ ಡ್ಯೂ ಡೇಟ್?’ ಎಂದು ಬರೆಯಬಹುದು. ದಂಡ ಬಿದ್ದಿದ್ದರೆ ‘ಕುಡ್ ಯು ಪ್ಲೀಸ್ ವೇವ್ ದ ಲೇಟ್ ಫೀ?’ ಎಂದು ಕೇಳಬಹುದು. ‘ವೇವ್’ ಎಂದರೆ ಮನ್ನಾ. ಸಾಲ ಮನ್ನಾಕ್ಕೆ ‘ಲೋನ್ ವೇವರ್’ ಎನ್ನುವುದು ನಮಗೆ ಪತ್ರಿಕೆಗಳಿಂದ ಗೊತ್ತೇ ಇದೆ. ಇದನ್ನು ‘ಮೊರಟೋರಿಯಂ’ ಜೊತೆ ಬೆರೆಸಬಾರದು. 2020ರ ಮಾರ್ಚಿನಿಂದ ಆಗಸ್ಟ್ ಅಂತ್ಯದವರೆಗೆ ಕೊರೊನಾ ಕಾರಣಕ್ಕೆ ರಿಸರ್ವ್ ಬ್ಯಾಂಕು ಕಂತು ಮುಂದೂಡಲು ಅವಕಾಶ ಕೊಟ್ಟಾಗ, ಆರು ತಿಂಗಳ ಕಂತೇ ಮಾಫಿಯಾಯಿತೆಂದು ಸಂಭ್ರಮಿಸಿದ ಮನೆಗಳು ನಮ್ಮ ಬೀದಿಯಲ್ಲೇ ಇದ್ದವು. ಅದು ಬರೀ ಮುಂದೂಡಿಕೆ. ಆ ತಿಂಗಳುಗಳ ಬಡ್ಡಿ ಸೇರುತ್ತಲೇ ಇತ್ತು.

ಇನ್ನು ಕಡೆಯ ಕಂತು ಕಟ್ಟಿದ ಮೇಲಿನ ಮಾತು. ನಮ್ಮಲ್ಲಿ ಬಹಳ ಜನ ಕಂತು ತೀರಿದ ದಿನ ಸಿಹಿ ತಂದು ಅಲ್ಲಿಗೆ ಮುಗಿಸುತ್ತಾರೆ. ಬೈಕೋ ಕಾರೋ ಆದರೆ ಸಾಲ ಕೊಟ್ಟವರಿಂದ ‘ನೋ ಆಬ್ಜೆಕ್ಷನ್ ಸರ್ಟಿಫಿಕೇಟ್’ ಮತ್ತು ಅವರ ಸಹಿಯಿರುವ ‘ಫಾರ್ಮ್ 35’ ಪಡೆದು, ಸಾರಿಗೆ ಕಚೇರಿಯಲ್ಲಿ ಆರ್‌ಸಿಯ ಮೇಲಿನ ಹೈಪೋಥಿಕೇಶನ್ ತೆಗೆಸಬೇಕು. ಇಲ್ಲವಾದರೆ ಮುಂದೆ ಗಾಡಿ ಮಾರಲು ಹೋದ ದಿನ ಆ ಕಾಗದಗಳಿಗಾಗಿ ಓಡಾಡಬೇಕಾಗುತ್ತದೆ. ಅದಕ್ಕಾಗಿ ಕಂಪನಿಗೆ ಬರೆಯುವ ಮೇಲ್ ಇಷ್ಟಿದ್ದರೆ ಸಾಕು: ‘ಐ ಹ್ಯಾವ್ ಪೇಡ್ ದ ಫೈನಲ್ ಇನ್‌ಸ್ಟಾಲ್‌ಮೆಂಟ್ ಆಫ್ ಮೈ ವೆಹಿಕಲ್ ಲೋನ್. ಪ್ಲೀಸ್ ಕನ್ಫರ್ಮ್ ದಟ್ ದ ಲೋನ್ ಈಸ್ ಕ್ಲೋಸ್ಡ್, ಆ್ಯಂಡ್ ಸೆಂಡ್ ಮಿ ದ ಎನ್‌ಒಸಿ ಆ್ಯಂಡ್ ದ ಸೈನ್ಡ್ ಫಾರ್ಮ್ 35.’ ಕೆಳಗೆ ಸಾಲದ ಖಾತೆ ಸಂಖ್ಯೆ, ಗಾಡಿಯ ನಂಬರು, ಕಡೆಯ ಕಂತು ಕಟ್ಟಿದ ತಾರೀಖು.